ಭಾವನಿಗೊಂದು ಮಾತು, ಆಸ್ಟ್ರೇಲಿಯಾ ಮೇಲಿಂದ

ಜಗಳವಾಡುವುದಕ್ಕೆ ದೊಡ್ಡ ಯೋಗ್ಯತೆಯೇನೂ ಬೇಡ, ಬಾಯಿ ಇದ್ದರೆ ಸಾಕು. ಜಗಳದ ನಂತರ ಮಾತು ಬಿಡುತ್ತಾರಲ್ಲ, ಅದಕ್ಕೆ ಮಾತ್ರ ಶಿಸ್ತು ಬೇಕು, ನೆನಪಿನ ಶಕ್ತಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಸಹಕಾರ ಬೇಕು. ನಮ್ಮ ಅಂಕೋಲೆ, ಕಾರವಾರದ ಕಡೆ ಈ ವಿದ್ಯೆಯಲ್ಲಿ ಪಳಗಿದವರು ಕೇರಿಗೆ ಇಬ್ಬರಾದರೂ ಸಿಗುತ್ತಾರೆ. ಇಬ್ಬರು ಏಕೆಂದರೆ ಒಬ್ಬನೇ ಮಾತು ಬಿಡಲು ಬರುವುದಿಲ್ಲ. ಮಾತು ಬಿಟ್ಟವರು ವೈರಿಗಳೇನಲ್ಲ. ಒಬ್ಬರ ತೆಂಗಿನಮರಕ್ಕೆ ಸಿಡಿಲು ಹೊಡೆದರೆ ಇನ್ನೊಬ್ಬರು ಮನಸ್ಸಿನಲ್ಲೇ ಅಯ್ಯೋ ಅನ್ನುತ್ತಾರೆ. ಆದರೆ ಅದನ್ನು ಬಾಯಿ ಬಿಟ್ಟು ಅನ್ನುವುದಿಲ್ಲ, ಅಷ್ಟೆ. ಏನಾದರೂ ಹೇಳಲೇಬೇಕಾಗಿ ಬಂದರೆ ನಡುವೆ ಒಬ್ಬರು ಬೇಕು. ಹೆಂಡತಿ ಆದೀತು, ಅತ್ತೆ ಆದೀತು, ಯಾರೂ ಇಲ್ಲದಿದ್ದರೆ ಬಾಗಿಲಲ್ಲಿ ಮಲಗಿದ ಬೆಕ್ಕೂ ಆದೀತು. "ಮಳೆ ಬರೂ ಹಾಂಗಿದೆ, ಅಂಗಳದಲ್ಲಿ ಹಾಕಿದ ಮೆಣಸು ತೆಗೀಬೇಕು ಅಂತ ಯಾರಿಗಾದ್ರೂ ಕಾಣ್ತದ್ಯೋ ಇಲ್ವೋ" ಎಂದು ಬೆಕ್ಕಿಗೆ ಹೇಳಿ ಪಕ್ಕದ ಮನೆಯವರ ಮೆಣಸು ಉಳಿಸಿದ ಸಜ್ಜನರನ್ನು ನಾನೇ ನೋಡಿದ್ದೇನೆ.

ನಾನೂ ಈ ವಿದ್ಯೆಯನ್ನು ಹನ್ನೊಂದು ವರ್ಷ ನಡೆಸಿದವನು. ನನ್ನ ಜೋಡಿ ನನ್ನ ಹೆಂಡತಿ ಸುಮನಳ ಅಣ್ಣ ಗಣಪತಿ. ಸಂಬಂಧದಲ್ಲಿ ಭಾವ, ಅದಕ್ಕೂ ಮೊದಲು ಸ್ನೇಹಿತ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ವಾಲಿಬಾಲ್ ಹುಚ್ಚು ಹೇಗಿತ್ತೆಂದರೆ, ಗದ್ದೆ ಕೊಯ್ಲಾದ ಮರುದಿನವೇ ಎರಡು ಕಂಬ ಎದ್ದು ನಿಲ್ಲುತ್ತಿದ್ದವು. ಗಣಪತಿ ಶೂಟರ್, ನಾನು ಲಿಫ್ಟರ್. ನಾನು ಚೆಂಡನ್ನು ಬಲೆಯ ಪಕ್ಕ ಮೇಲಕ್ಕೆ ಎತ್ತಿಕೊಡುವುದು, ಅವನು ಹಾರಿ ಅದನ್ನು ಎದುರಿನವರ ಎದೆಗೆ ಹೊಡೆಯುವುದು. ಚಪ್ಪಾಳೆ ಯಾವತ್ತೂ ಅವನಿಗೆ. ಲಿಫ್ಟರಿಗೆ ಚಪ್ಪಾಳೆ ಹೊಡೆದವರನ್ನು ನಾನಂತೂ ಕಂಡಿಲ್ಲ, ನನ್ನ ಅವ್ವನೂ ಹೊಡೆದಿಲ್ಲ. ಆದರೂ ನಮ್ಮ ಜೋಡಿ ಎಷ್ಟು ಚೆನ್ನಾಗಿತ್ತೆಂದರೆ, ಒಂದು ದಿನ ಆಟ ಮುಗಿಸಿ ನೀರು ಕುಡಿಯಲು ಅವನ ಮನೆಗೆ ಹೋದವನು ನೀರು ತಂದುಕೊಟ್ಟ ಅವನ ತಂಗಿಯನ್ನೇ ಮದುವೆಯಾದೆ.

ಮದುವೆಯಾಗಿ ಎರಡು ವರ್ಷಕ್ಕೆ ಮಾಜಾಳಿಯಲ್ಲಿ ಒಂದು ಪಂದ್ಯಾವಳಿ. ಫೈನಲ್, ಕೊನೆಯ ಸೆಟ್, ಕೊನೆಯ ಚೆಂಡು. ನಾನು ಎತ್ತಿದೆ, ಅವನು ಹಾರಿದ, ಚೆಂಡು ಬಲೆಗೆ ಬಿತ್ತು. ಗಣಪತಿ ಸೊಂಟದ ಮೇಲೆ ಕೈಯಿಟ್ಟು, ಮುನ್ನೂರು ಜನರ ಎದುರು, "ನಿಂಗೆ ಚೆಂಡು ಎತ್ತುಕೆ ಬರ್ತದ್ಯಾ, ಇಲ್ಲಾ ಗೊಬ್ಬರದ ಬುಟ್ಟಿ ಎತ್ತುಕೆ ಮಾತ್ರ ಬರ್ತದ್ಯಾ?" ಎಂದ. ನಾನೂ ಬಿಡಲಿಲ್ಲ. "ಎತ್ತಿದ್ದು ಸರಿಯೇ ಇತ್ತು. ಹಾರುಕೆ ಆಗ್ದೇ ಇದ್ದವ್ರಿಗೆ ಏಣಿ ಹಿಡೂದು ನನ್ನ ಕೆಲ್ಸ ಅಲ್ಲ" ಎಂದೆ. ಅಲ್ಲಿಗೆ ಮುಗಿಯಿತು. ಮಾಜಾಳಿಯಿಂದ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಕಿಟಕಿಯ ಆಚೆ ಅವನೂ ಕಂಡಕ್ಟರನ ಬೆನ್ನನ್ನು ನಾನೂ ನೋಡುತ್ತ ಬಂದೆವು. ಯಾರು ಮೊದಲು ಮಾತು ಬಿಟ್ಟರು ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಇದು ಮುಖ್ಯ ಪ್ರಶ್ನೆ, ಏಕೆಂದರೆ ನಮ್ಮಲ್ಲಿನ ಕಾಯಿದೆ ಪ್ರಕಾರ ಮೊದಲು ಬಿಟ್ಟವನೇ ಮೊದಲು ಆಡಬೇಕು. ಅವನೇ ಎಂದು ನಾನು, ನಾನೇ ಎಂದು ಅವನು.

ಹನ್ನೊಂದು ವರ್ಷ ಅವನ ಹೆಸರು ನನ್ನ ಬಾಯಲ್ಲಿ ಬರಲಿಲ್ಲ. ಚೌತಿಯ ದಿನವೂ ನಾನು ವಿಘ್ನೇಶ್ವರ ಎಂದೇ ಕೈಮುಗಿಯುತ್ತಿದ್ದೆ. ಮನೆಯಲ್ಲಿ ಅವನು "ನಿನ್ನ ಅಣ್ಣ", ಅವನ ಬಾಯಲ್ಲಿ ನಾನು "ನಿನ್ನ ಗಂಡ". ಮಾವ ತೀರಿಹೋದಾಗ ನಾನೂ ಅವನೂ ಚಟ್ಟದ ಮುಂದಿನ ಎರಡು ತುದಿಗೆ ಹೆಗಲು ಕೊಟ್ಟಿದ್ದೆವು. ಅವನ ಕಡೆ ತುಸು ಎತ್ತರವಾಗಿ ಮಾವ ನನ್ನ ಕಡೆ ವಾಲುತ್ತಿದ್ದರು. ಅದನ್ನು ನಾನು ಭಟ್ಟರಿಗೆ ಹೇಳಿ, ಭಟ್ಟರು ಮಂತ್ರ ನಿಲ್ಲಿಸಿ ಅವನಿಗೆ ಹೇಳಿ, ಅವನು ಭಟ್ಟರಿಗೆ "ಗಿಡ್ಡ ಇದ್ದವ್ರು ಹಿಂದೆ ಹೋಗ್ಬಹುದಿತ್ತು" ಎಂದು ಉತ್ತರ ಕೊಟ್ಟು, ಆ ಉತ್ತರವನ್ನು ನನಗೆ ಮುಟ್ಟಿಸಬೇಕೋ ಬೇಡವೋ ಎಂದು ಭಟ್ಟರು ಯೋಚಿಸುವಷ್ಟರಲ್ಲಿ ಸ್ಮಶಾನ ಬಂದಿತ್ತು. ಸುಮನ ಪಾಪ, ಹನ್ನೊಂದು ವರ್ಷ ನಮ್ಮಿಬ್ಬರ ಅಂಚೆ ಹೊತ್ತಳು. ಹೊರುವಾಗ ಕೆಲವು ಕಾಗದಗಳನ್ನು ದಾರಿಯಲ್ಲೇ ತಿದ್ದುತ್ತಿದ್ದಳು ಎಂಬ ಗುಮಾನಿ ನನಗಿದೆ. ನಾನು ಹೇಳಿ ಕಳಿಸಿದ ಬೈಗುಳಗಳಿಗೆ ಅವನಿಂದ ಹಲಸಿನ ಹಪ್ಪಳ ಬಂದದ್ದುಂಟು.

ಹೀಗಿರಲು ತೊಂಬತ್ತರ ದಶಕ ಮುಗಿಯುತ್ತ ಬಂತು. ಕಾರವಾರದಲ್ಲಿ ನಾನು ಗುಮಾಸ್ತನಾಗಿದ್ದ ಕಚೇರಿಗೆ ಎರಡು ಕಂಪ್ಯೂಟರ್ ಬಂದು, ಅವುಗಳಿಗೆ ಪ್ಲಾಸ್ಟಿಕ್ ಮುಸುಕು ಹೊದಿಸಿ, ಊದುಬತ್ತಿ ಹಚ್ಚಿ, ನಲವತ್ತು ದಾಟಿದವರೆಲ್ಲ ಇದನ್ನು ಕಲಿಯಬೇಕೆಂದು ಆದೇಶವಾಯಿತು. ನನ್ನನ್ನು ದೇವಿದಾಸನ ಕಂಪ್ಯೂಟರ್ ಕ್ಲಾಸಿಗೆ ಹಾಕಿದರು. ದೇವಿದಾಸ ಮಾಜಾಳಿಯವನು, ಮನೆಮಾತು ಕೊಂಕಣಿ, ವಯಸ್ಸು ಮೂವತ್ತರ ಆಸುಪಾಸು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಮನೆಯ ಕೆಳಗಿನ ಕೋಣೆಯಲ್ಲಿ ಮೂರು ಕಂಪ್ಯೂಟರ್, ನಡುನಡುವೆ ಪ್ಲೈವುಡ್ ಹಲಗೆ. ಮನೆಯ ಒಂದೇ ಫೋನ್ ಲೈನನ್ನು ಮೂರಕ್ಕೂ ಹಂಚಿ ಇಂಟರ್ನೆಟ್ ಹಾಯಿಸುವ ಏನೋ ಉಪಾಯ ಅವನಿಗೆ ಗೊತ್ತಿತ್ತು. ನಾನು ಒಂದು ತಿಂಗಳಲ್ಲಿ ಒಂದು ಅರ್ಜಿಯನ್ನು ಟೈಪ್ ಮಾಡಿ ಅಳಿಸುವುದನ್ನು ಕಲಿತೆ. ನನ್ನ ತಾಳ್ಮೆ ಕಂಡು ದೇವಿದಾಸ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಸಾಯ್ಬಾ, ನಿಮ್ದು ವೈದ್ಯನ ಸ್ವಭಾವ ಇದೆ. ಆಟಕ್ಕೆ ಬರ್ತೀರಾ?" ಎಂದು ಕೇಳಿದ. ಜೀವನದಲ್ಲಿ ಯಾರೂ ನನ್ನಲ್ಲಿ ಇಂಥದೊಂದು ಸ್ವಭಾವ ಕಂಡಿರಲಿಲ್ಲ. ಬರುತ್ತೇನೆ ಎಂದೆ.

ಆಟವೆಂದರೆ ಚಿತ್ರವಿಲ್ಲ, ಸದ್ದಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ನೀವು ಒಂದು ಕಾಡಿನಲ್ಲಿದ್ದೀರಿ, ಉತ್ತರಕ್ಕೆ ಗುಹೆಯಿದೆ, ಎದುರಿಗೆ ರಾಕ್ಷಸ ನಿಂತಿದ್ದಾನೆ, ಹೀಗೆ. ನಾವು ಏನು ಮಾಡುತ್ತೇವೆಂದು ಟೈಪ್ ಮಾಡಬೇಕು. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತವರು ಅದೇ ಕಾಡಿನಲ್ಲಿ ಅದೇ ಹೊತ್ತಿಗೆ ಓಡಾಡುತ್ತಿರುತ್ತಾರೆ. ಹೆಸರು ಕೇಳಿದಾಗ ಉಳಿದವರೆಲ್ಲ ಕತ್ತಲೆ, ಕಠಾರಿ, ಸಿಡಿಲು ಎಂದೆಲ್ಲ ಭಯಂಕರ ಹೆಸರು ಇಟ್ಟುಕೊಳ್ಳುತ್ತಾರಂತೆ. ನಾನು ಅರ್ಜಿ ತುಂಬಿ ರೂಢಿಯಾದವನು. ಶಿವಾನಂದ ಎಂದು ನನ್ನ ಹೆಸರನ್ನೇ ಬರೆದೆ, ತಂದೆಯ ಹೆಸರು ಎಲ್ಲಿ ಬರೆಯುವುದು ಎಂದೂ ಕೇಳಿದೆ.

ಈ ಆಟ ಮಾಡಿದವನು ಯಾರೋ, ಬಹಳ ಬುದ್ಧಿವಂತ, ಅಷ್ಟೇ ಕಿಡಿಗೇಡಿ. ಅವನು ಯಾರಿಗೂ ಪೂರ್ತಿ ಶಕ್ತಿ ಕೊಟ್ಟಿಲ್ಲ. ಮುಂದೆ ನಿಂತು ಪೆಟ್ಟು ತಿನ್ನುವ ವೀರನ ಚರ್ಮ ದಪ್ಪ, ಆದರೆ ಮುಳ್ಳು ಚುಚ್ಚಿದರೂ ಅವನ ಗಾಯ ಅವನಿಗೇ ಮಾಯಿಸಿಕೊಳ್ಳಲು ಬರುವುದಿಲ್ಲ. ಹಿಂದಿನಿಂದ ಬೆಂಕಿ ಎಸೆಯುವ ಮಂತ್ರವಾದಿ ಬೆಟ್ಟ ಸುಡಬಲ್ಲ, ಆದರೆ ಗಾಳಿ ಜೋರಾಗಿ ಬೀಸಿದರೂ ಬೀಳುವಷ್ಟು ಸೂಕ್ಷ್ಮ. ಕಳ್ಳ ಬೀಗ ತೆಗೆಯುತ್ತಾನೆ, ಬಲೆ ಗುರುತಿಸುತ್ತಾನೆ, ಹೊಡೆದಾಟ ಶುರುವಾದರೆ ಅವನ ಉಪಯೋಗ ಅಷ್ಟಕ್ಕಷ್ಟೆ. ವೈದ್ಯ ಸಾಯುವವನನ್ನು ಬದುಕಿಸುತ್ತಾನೆ, ಹೊಡೆಯುವುದು ಮಾತ್ರ ಕೂಡದು. ಮೊದಲ ದಿನ ನಾನು ಒಬ್ಬನೇ ಧೈರ್ಯ ಮಾಡಿ ಕಾಡಿಗೆ ಹೋಗಿ ಇಲಿ ಕಚ್ಚಿ ಸತ್ತೆ. ಎರಡನೆಯ ದಿನವೂ ಅದೇ ಇಲಿ. ಈ ನಾಲ್ವರೂ ಕೂಡಿದರೆ ಮಾತ್ರ ಒಬ್ಬ ಪೂರ್ತಿ ಮನುಷ್ಯ ಆಗುತ್ತಾನೆ ಎಂಬ ಸತ್ಯ ಆ ಇಲಿಯಿಂದ ನನಗೆ ತಿಳಿಯಿತು. ಇದನ್ನೇ ವಾಲಿಬಾಲ್ ಹತ್ತು ವರ್ಷ ಹೇಳಿತ್ತು, ಆಗ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ದೇವಿದಾಸ ತಾನು ಕಳ್ಳನಾಗಿದ್ದ. ಮಂತ್ರವಾದಿ ಆಸ್ಟ್ರೇಲಿಯಾದ ಒಬ್ಬ ನಿವೃತ್ತ ಶಾಲಾ ಮಾಸ್ತರಬಾಯಿ, ಹೆಸರು ಮಾರ್ಗರೆಟ್. ದೇವಿದಾಸ ಮರ್ಯಾದೆಯಿಂದ ಮಾರ್ಗರೆಟ್ ಬಾಯಿ ಅನ್ನುತ್ತಿದ್ದ. ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆಯುತ್ತ ನಡುನಡುವೆ ರಾಕ್ಷಸರನ್ನು ಸುಡುವ ಹೆಂಗಸು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಸೇರುವುದು. ಮುಂದೆ ನಿಲ್ಲುವ ವೀರ ಒಬ್ಬ ಬೇಕಾಗಿತ್ತು. ಒಂದು ಭಾನುವಾರ ನಾನು ಅಂಕೋಲೆಯಿಂದ ಬಂದು, ಬಸ್ಸಿಳಿದು ಒಳಗೆ ಹೋದರೆ, ದೇವಿದಾಸ ಸಂಭ್ರಮದಿಂದ, "ಜಾಲೆಂ ಸಾಯ್ಬಾ, ಕೆಲ್ಸ ಆಯ್ತು, ವೀರ ಸಿಕ್ಕಿದ! ಅರ್ಜಿ ಟೈಪ್ ಮಾಡ್ಸುಕೆ ಬಂದಿದ್ರು, ಆಳು ನೋಡಿದೆ, ಎಂತಾ ಮೈಕಟ್ಟು, ಬಿಡ್ಲೇ ಇಲ್ಲ" ಎಂದ. ಬೆರಳಿನಲ್ಲಿ ಆಡುವ ಆಟಕ್ಕೆ ಮೈಕಟ್ಟು ಯಾಕೆ ಎಂದು ಕೇಳುವ ಮೊದಲೇ ಆ ಮೈಕಟ್ಟು ತಿರುಗಿ ನೋಡಿತು. ಕೈಗಾದ ಅಣುಸ್ಥಾವರದಲ್ಲಿ ನೌಕರಿ, ಕಾರವಾರದಲ್ಲಿ ಮನೆ, ಭಾನುವಾರ ರಜೆ. ನನ್ನ ಭಾವ.

ಎದ್ದು ಹೋಗೋಣವೆಂದರೆ ಹೋದವನು ಸೋತ ಹಾಗೆ. ಅವನಿಗೂ ಅದೇ ಯೋಚನೆ ಬಂದಿರಬೇಕು, ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡ. ನಾನು ಪಕ್ಕದ ಕಂಪ್ಯೂಟರಿನ ಮುಂದೆ ಕೂತೆ. ನಡುವೆ ಅರ್ಧ ಇಂಚಿನ ಪ್ಲೈವುಡ್. ಅವನೂ ಆಟದಲ್ಲಿ ತನ್ನ ಹೆಸರನ್ನೇ ಕೊಟ್ಟಿದ್ದ. ನಮ್ಮ ಎರಡೂ ಮನೆತನಗಳಲ್ಲಿ ಯಾರಿಗೂ ಕಲ್ಪನಾಶಕ್ತಿ ಇಲ್ಲ.

ಕಷ್ಟ ಶುರುವಾದದ್ದು ಮೊದಲ ಹೊಡೆದಾಟದಲ್ಲೇ. ವೈದ್ಯ ಮದ್ದು ಹಾಕಬೇಕೆಂದರೆ ಹೀಲ್ ಎಂದು ಹೊಡೆದು ಅದರ ಮುಂದೆ ಯಾರಿಗೆ ಎನ್ನುವ ಹೆಸರು ಹೊಡೆಯಬೇಕು. ಹನ್ನೊಂದು ವರ್ಷದಿಂದ ಚೌತಿಯಲ್ಲೂ ಎತ್ತದ ಹೆಸರು. ಟೈಪ್ ಮಾಡಿದರೆ ಮಾತಾಡಿದ ಹಾಗೆಯೋ? ಇದರ ಬಗ್ಗೆ ಹಿರಿಯರು ಏನೂ ಹೇಳಿಟ್ಟಿಲ್ಲ. ದೇವಿದಾಸನನ್ನು ಹೊರಗೆ ಕರೆದು ವಿಷಯ ತಿಳಿಸಿದೆ. ಅವನು ತಲೆ ಕೆರೆದು, "ಬಾಯಿ ಬಿಡ್ಲಿಲ್ಲ ಅಂದ್ರೆ ಮಾತಲ್ಲ, ನಂಗೆ ಕಾಣೂದು ಹಾಗೆ" ಎಂದ. ನನಗೆ ಸಮಾಧಾನವಾಗಲಿಲ್ಲ. ಕಾಗದ ಬರೆದರೆ ಮಾತು ಮುರಿದ ಹಾಗೆಯೇ ಎಂದು ನಮ್ಮ ಅಜ್ಜನ ಕಾಲದಲ್ಲಿ ಒಂದು ತೀರ್ಪಾಗಿತ್ತು. ಕೊನೆಗೆ ದೇವಿದಾಸನೇ ಒಂದು ದಾರಿ ತೋರಿಸಿದ. ಹೆಸರಿನ ಬದಲು ಇಂಗ್ಲಿಷಿನ ಮೂರಕ್ಷರದ ‘ಆಲ್’ ಎಂದು ಹೊಡೆದರೆ ಎಲ್ಲರಿಗೂ ಒಟ್ಟಿಗೆ ಮದ್ದು ಬೀಳುತ್ತದೆ. ಆದರೆ ನಾಲ್ಕು ಪಟ್ಟು ಶಕ್ತಿ ಹೋಗುತ್ತದೆ. ಹೋಗಲಿ ಎಂದೆ. ಒಬ್ಬನಿಗೆ ಗಂಜಿ ಕೊಡಬೇಕಾದಲ್ಲಿ ಊರಿಗೆಲ್ಲ ಊಟ ಹಾಕಿದ ಹಾಗೆ, ಗಣಪತಿಗೆ ಗಾಯವಾದಾಗಲೆಲ್ಲ ನಾನು ಮೈಯಲ್ಲಿ ಒಂದು ಗೀರೂ ಇಲ್ಲದ ದೇವಿದಾಸನಿಗೂ ಸ್ವೆಟರ್ ಹೆಣೆಯುತ್ತಿದ್ದ ಮಾರ್ಗರೆಟ್ ಬಾಯಿಗೂ ಮದ್ದು ಹಾಕಿದೆ. ಅರ್ಧ ಗಂಟೆಯಲ್ಲಿ ನನ್ನ ಶಕ್ತಿ ಬತ್ತಿಹೋಗುತ್ತಿತ್ತು. ಆಮೇಲೆ ನಾವೆಲ್ಲ ಸಾಯುತ್ತಿದ್ದೆವು.

ಅವನ ಕಡೆಯೂ ತೊಂದರೆಯಿತ್ತು. ಮದ್ದು ಬೇಕಾದಾಗ ವೀರನು ವೈದ್ಯನನ್ನು ಕೇಳಬೇಕು. ಅವನು ಕೇಳುವುದಿಲ್ಲ. ನನಗೆ ಶಕ್ತಿ ಮುಗಿದಾಗ ಹಿಂದೆ ಸರಿ ಎಂದು ನಾನು ಹೇಳಬೇಕು. ನಾನು ಹೇಳುವುದಿಲ್ಲ. ದೇವಿದಾಸ ಕಳ್ಳನಾದ್ದರಿಂದ ಯಾವಾಗಲೂ ಮುಂದಿನ ಕೋಣೆಯಲ್ಲಿ ಬೀಗ ಹುಡುಕುತ್ತಿರುತ್ತಾನೆ. ಹೀಗಾಗಿ ನಮ್ಮಿಬ್ಬರ ಅಂಚೆ ಮಾರ್ಗರೆಟ್ ಬಾಯಿಯ ತಲೆಗೆ ಬಂತು. ನಾನು ಕಾರವಾರದಿಂದ ಆಸ್ಟ್ರೇಲಿಯಾಕ್ಕೆ ನನಗೆ ಗೊತ್ತಿದ್ದ ಕಚೇರಿಯ ಇಂಗ್ಲಿಷಿನಲ್ಲಿ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮುಂದೆ ನಿಂತವರು ಕೂಡಲೇ ಹಿಂದೆ ಸರಿಯತಕ್ಕದ್ದು, ಎಂದು ಬರೆಯುತ್ತಿದ್ದೆ. ಆ ತಾಯಿ ಮಾಸ್ತರಬಾಯಿಯಲ್ಲವೇ, ನನ್ನ ವಾಕ್ಯದ ತಪ್ಪುಗಳನ್ನು ತಿದ್ದಿ, ಅಲ್ಪವಿರಾಮ ಪೂರ್ಣವಿರಾಮ ಹಾಕಿ, ಆಸ್ಟ್ರೇಲಿಯಾದಿಂದ ಕಾರವಾರಕ್ಕೆ ಕಳಿಸುತ್ತಿದ್ದರು. ಅದು ಪ್ಲೈವುಡ್ಡಿನ ಆಚೆ ಮೂರಡಿ ದೂರದಲ್ಲಿ ಕೂತ ಗಣಪತಿಗೆ ತಲುಪುವ ಹೊತ್ತಿಗೆ ರಾಕ್ಷಸನು ಅವನನ್ನು ಕೊಂದು, ಕೈತೊಳೆದು, ನನ್ನ ಕಡೆ ಬರುತ್ತಿದ್ದ. ಇದು ನಿಮ್ಮ ಧರ್ಮದ ವ್ರತವೇ ಎಂದು ಅವರು ಒಮ್ಮೆ ಬಹಳ ಗೌರವದಿಂದ ಕೇಳಿದರು. ದೇವಿದಾಸ ಹೌದೆಂದು ಬರೆದುಬಿಟ್ಟ. ಅಂದಿನಿಂದ ಅವರು ನಮಗೆ ವ್ರತ ಸುಸೂತ್ರವಾಗಿ ಸಾಗಲಿ ಎಂದು ಹಾರೈಸಿ ಆಟ ಶುರುಮಾಡುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಗಣಪತಿಯಂಥ ವೀರ ಸಿಗುವುದು ಕಷ್ಟ. ಈ ಆಟದಲ್ಲಿ ವೀರನ ಕೆಲಸ ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದು. ರಾಕ್ಷಸನನ್ನು ಕೆಣಕಿ ಅವನ ಸಿಟ್ಟೆಲ್ಲ ತನ್ನ ಮೇಲೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಅವನು ಹಿಂದಿದ್ದ ವೈದ್ಯನನ್ನು ತಿನ್ನುತ್ತಾನೆ. ಕೆಣಕುವುದು ನನ್ನ ಭಾವನಿಗೆ ಹುಟ್ಟುಗುಣ. ಒಂದು ಸಲವೂ ಅವನು ನನ್ನನ್ನು ಮುಂದೆ ಬಿಟ್ಟು ಓಡಲಿಲ್ಲ. ಗಣಪತಿಗೆ ಪೆಟ್ಟು ಬಿತ್ತು, ಗಣಪತಿಗೆ ಪೆಟ್ಟು ಬಿತ್ತು ಎಂದು ಪರದೆಯ ಮೇಲೆ ಸಾಲು ಸಾಲು ಓಡುವಾಗ, ಅದರಲ್ಲಿ ಒಂದೊಂದೂ ನನಗೆ ಬೀಳಬೇಕಾದದ್ದು ಎಂದು ನನಗೆ ಗೊತ್ತಿತ್ತು. ಅವನ ಮೇಲೆ ಪ್ರೀತಿ ಬರುತ್ತಿತ್ತು. ಮಾತಾಡದವನ ಮೇಲೆ ಪ್ರೀತಿ ಬಂದರೆ ಎಂಥಾ ಕಿರಿಕಿರಿ ಎಂದು ಅನುಭವಿಸಿದವರಿಗೇ ಗೊತ್ತು.

ಈ ನಡುವೆ ಗಣಪತಿಯ ಮಗಳಿಗೆ ಮದುವೆ ಗೊತ್ತಾಯಿತು. ಅಂಕೋಲೆಯಲ್ಲೇ ಮದುವೆ, ಮೇ ತಿಂಗಳಲ್ಲಿ. ಇಲ್ಲಿಗೆ ನಮ್ಮ ವ್ರತ ನಿಜವಾದ ಸಂಕಟಕ್ಕೆ ಬಂತು. ನಮ್ಮಲ್ಲಿ ಮದುವೆಗೆ ಹೇಳಿಕೆ ಬಾಯಲ್ಲೇ ಆಗಬೇಕು. ಕಾಗದ ಎಷ್ಟೇ ಬಣ್ಣದ್ದಿರಲಿ, ಗಣಪನ ಚಿತ್ರ ಎಷ್ಟೇ ದೊಡ್ಡದಿರಲಿ, ಮನೆಗೆ ಬಂದು ಅಕ್ಷತೆ ಕೊಟ್ಟು "ಬರ್ಬೇಕು" ಎಂದು ಮನೆಯ ಯಜಮಾನನಿಗೆ ಹೇಳದಿದ್ದರೆ ಹೇಳಿಕೆಯಾದ ಹಾಗಲ್ಲ. ಹೇಳಿಕೆ ಇಲ್ಲದ ಮನೆಗೆ ಯಾರೂ ಹೋಗುವುದಿಲ್ಲ. ಗಣಪತಿ ತಂಗಿಯನ್ನು ಕಂಡು, "ನೀ ಹ್ಯಾಂಗೂ ಬರ್ತೆ, ನಿನ್ನ ಗಂಡಂಗೂ ಹೇಳು" ಎಂದನಂತೆ. ಹನ್ನೊಂದು ವರ್ಷ ಎಲ್ಲವನ್ನೂ ಹೊತ್ತ ಸುಮನ ಆ ದಿನ ಹೊರೆ ಇಳಿಸಿಬಿಟ್ಟಳು. "ಅಣ್ಣಾ, ಉಳದದ್ದೆಲ್ಲಾ ಹೊತ್ತೆ. ಹೇಳಿಕೆ ಹೊರೂದಿಲ್ಲ. ನನ್ನ ಗಂಡಂಗೆ ಹೇಳಿಕೆ ಇಲ್ದಿದ್ದ ಮದ್ವೆಗೆ ನಾನೂ ಬರೂದಿಲ್ಲ" ಎಂದಳಂತೆ.

ಮನೆಗೆ ಬಂದು ನನಗೂ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ನೆಪ ಹೇಳುತ್ತಿದ್ದೆ. "ಆ ಹುಡುಗಿ ಹುಟ್ಟಿದ ದಿನ ಮೊದ್ಲು ಎತ್ತಿಕೊಂಡದ್ದು ನಾನು. ಸೋದರತ್ತೆ ಅಂತ ಮೊದ್ಲ ಅರಿಶಿನ ನಾನು ಹಚ್ಬೇಕು. ನೀವಿಬ್ರೂ ಒಂದೇ ಕೋಣೇಲಿ ಕೂತು ಒಂದೇ ಆಟ ಆಡ್ತ್ರಿ, ಪರದೇಶದ ಮುದುಕಿ ಹತ್ರ ಮಾತಾಡ್ತ್ರಿ. ನಂಗೆ ಇದೊಂದು ಮಾಡಿಕೊಡುಕೆ ಆಗೂದಿಲ್ಲ, ಅಲ್ದಾ?" ಎಂದಳು. ಕಚೇರಿಯ ತರಬೇತಿ ಎಂದು ಹೇಳಿ ಭಾನುವಾರ ನಾನು ಏನು ಮಾಡಲು ಹೋಗುತ್ತಿದ್ದೆ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಏಪ್ರಿಲ್ ಕೊನೆಗೆ ನಮ್ಮ ಕೇರಿಯಲ್ಲಿ ಹೇಳಿಕೆ ನಡೆಯಿತು. ಎಡಮನೆಗೆ ಆಯಿತು, ಬಲಮನೆಗೆ ಆಯಿತು. ನಮ್ಮ ಗೇಟಿನ ಮುಂದೆ ಗಣಪತಿಯ ಚಪ್ಪಲಿಯ ಸದ್ದು ಒಂದು ಗಳಿಗೆ ನಿಂತು ಮುಂದೆ ಹೋಯಿತು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಬಾ ಎಂದು ಒಂದು ಅಕ್ಷರ ಅನ್ನಲು ಬಾಯಿ ತೆರೆದೆ, ಮುಚ್ಚಿದೆ. ಎಡಮನೆಯ ಹೆಂಗಸು ಸಂಜೆ ಬೇಲಿಯ ಮೇಲಿಂದ "ತವರಿನ ಮದ್ವೆಗೆ ಯಾವ ಸೀರೆ ಉಡ್ತ್ಯೇ ಸುಮನಾ?" ಎಂದು ಕೇಳಿದರು. ನನ್ನ ಹೆಂಡತಿ ಇನ್ನೂ ನೋಡಬೇಕು ಎಂದು ಹೇಳಿ ಒಳಗೆ ಬಂದಳು. ಆ ರಾತ್ರಿಯ ಸಾರಿಗೆ ಉಪ್ಪು ಇರಲಿಲ್ಲ, ನಾನು ಕೇಳಲೂ ಇಲ್ಲ.

ಮದುವೆಗೆ ಒಂಬತ್ತು ದಿನ ಉಳಿದಿದ್ದ ಭಾನುವಾರ. ಅವತ್ತಾದರೂ ಮಾತಾಡಿಬಿಡಬೇಕು ಎಂದು ಬಸ್ಸಿನಲ್ಲಿ ಹಾರವಾಡದವರೆಗೆ ನಿರ್ಧಾರ ಮಾಡಿದ್ದೆ. ಹಾರವಾಡ ದಾಟಿದ ಮೇಲೆ, ಅವನೇ ಮೊದಲು ಆಡಲಿ ಎನ್ನಿಸಿತು. ಅಂದು ನಾವು ಡ್ರ್ಯಾಗನ್ನಿನ ಗುಹೆಗೆ ಹೋಗುವುದಿತ್ತು. ಡ್ರ್ಯಾಗನ್ ಎಂದರೆ ರೆಕ್ಕೆಯಿರುವ, ಬೆಂಕಿಯುಗುಳುವ ಹಾವಿನಂಥ ಪ್ರಾಣಿ. ಆರು ತಿಂಗಳು ಅದರ ಸಲುವಾಗಿಯೇ ತಯಾರಿ ಮಾಡಿದ್ದೆವು. ಬಾಗಿಲ ಬಲೆಗೆ ಸಿಕ್ಕಿ ದೇವಿದಾಸ ಮೊದಲೇ ಸತ್ತ. ಗಣಪತಿ ಒಳನುಗ್ಗಿ ಡ್ರ್ಯಾಗನ್ನಿನ ಎದುರು ನಿಂತ. ಮಾರ್ಗರೆಟ್ ಬಾಯಿ ಇದ್ದಬದ್ದ ಬೆಂಕಿಯನ್ನೆಲ್ಲ ಎಸೆದು, ಇನ್ನು ನನ್ನ ಕೈಯಲ್ಲಿ ಹೆಣೆಯುವ ಸೂಜಿ ಮಾತ್ರ ಉಳಿದಿದೆ ಎಂದು ಬರೆದರು. ನಾನು ಎಂದಿನಂತೆ ಎಲ್ಲರಿಗೂ ಮದ್ದು, ಎಲ್ಲರಿಗೂ ಮದ್ದು ಎಂದು, ಸತ್ತ ದೇವಿದಾಸನಿಗೂ ಸೇರಿಸಿ ಹಾಕುತ್ತ ಹೋದೆ. ಡ್ರ್ಯಾಗನ್ ಮುಕ್ಕಾಲು ಸತ್ತಿತ್ತು. ಆಗ ಅದು ಇಡೀ ಗುಹೆಗೆ ಬೆಂಕಿ ಉಗುಳಿತು. ಪರದೆ ನೋಡಿದರೆ, ಗಣಪತಿ ಸಾಯುವ ಹಾಗಿದ್ದಾನೆ, ಶಿವಾನಂದನೂ ಸಾಯುವ ಹಾಗಿದ್ದಾನೆ. ಎಲ್ಲರಿಗೂ ಹಾಕುವಷ್ಟು ಶಕ್ತಿ ಇಲ್ಲ. ಒಬ್ಬರಿಗೆ ಸಾಕಾಗುವಷ್ಟಿದೆ. ಹೆಸರು ಹೊಡೆಯಲೇಬೇಕು.

ದೇವಿದಾಸ ನನ್ನ ಬೆನ್ನ ಹಿಂದೆ ಬಂದು ನಿಂತು, "ಹೊಡೀರಿ ಸಾಯ್ಬಾ, ಹೆಸ್ರು ಹೊಡೀರಿ, ಬೇಗ!" ಎಂದು ಕಿರುಚಿ, ಮುಂದಿನದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡ. ಪ್ಲೈವುಡ್ಡಿನ ಆಚೆ ಕೀಲಿ ಕುಟ್ಟುವ ಸದ್ದು ನಿಂತಿತು. ನಾನು ಹೀಲ್ ಹೊಡೆದೆ, ಹೆಸರು ಹೊಡೆದೆ, ಎಂಟರ್ ಒತ್ತಿದೆ. ಅದೇ ಕ್ಷಣಕ್ಕೆ ಮಹಡಿಯ ಮೇಲೆ ದೇವಿದಾಸನ ತಾಯಿ, ಅವನು ಆಯಿ ಅನ್ನುವವರು, ಮಾಜಾಳಿಯ ತಂಗಿಯ ಜೊತೆ ಮಾತಾಡೋಣವೆಂದು ಫೋನ್ ಎತ್ತಿದರು. ಲೈನ್ ಕಡಿಯಿತು. ಮೂರೂ ಪರದೆ ನಿಂತಲ್ಲೇ ನಿಂತವು. ದೇವಿದಾಸ ಕೊಂಕಣಿಯಲ್ಲಿ ಏನೇನೋ ಅನ್ನುತ್ತ ಮಹಡಿ ಹತ್ತಿದ. ಮತ್ತೆ ಲೈನ್ ಸಿಗುವಷ್ಟರಲ್ಲಿ ಗುಹೆಯಲ್ಲಿ ಯಾರೂ ಇರಲಿಲ್ಲ. ಗಣಪತಿ ಎದ್ದು ನಿಂತು, ಹಲಗೆಯ ಮೇಲಿಂದ ನನ್ನನ್ನು ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಸಂಜೆ ನಾನು ಕಚೇರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಗೇಟಿನ ಸದ್ದಾಯಿತು. ಗಣಪತಿ ಕೈಯಲ್ಲಿ ಅಕ್ಷತೆಯ ಬಟ್ಟಲು ಹಿಡಿದು ನೇರವಾಗಿ ಜಗಲಿಗೆ ಬಂದ. ಸುಮನ ಹೊಸ್ತಿಲಲ್ಲಿ ಹಾಗೇ ನಿಂತಳು.

"ಭಾವಾ" ಎಂದ ಅವನು. "ನಾ ಆರು ತಿಂಗ್ಳಿಂದ ಹಲಗೆ ಆಚೆ ಕೂತು ಕೇಳ್ತಾ ಇದ್ದೆ. ನೀ ಎಲ್ಲಾರಿಗೂ ಮದ್ದು ಹಾಕೂದಾದ್ರೆ ಹೀಲ್ ಆದ್ಮೇಲೆ ಮೂರೇ ಸಲ ಕುಟ್ತೆ. ಟಕ್ ಟಕ್ ಟಕ್, ಮುಗೀತು. ನಿನ್ನೆ ಉದ್ದ ಕುಟ್ದೆ. ಹೆಸ್ರು ಹೊಡ್ದೆ ಅಂತ ಅಲ್ಲೇ ಗೊತ್ತಾಯ್ತು. ಹನ್ನೊಂದು ವರ್ಷಕ್ಕೆ ನನ್ನ ಹೆಸ್ರು ಹಿಡ್ದೆ ಮಾರಾಯಾ. ಲೈನ್ ಹೋದ್ರೆ ಹೋಗ್ಲಿ." ಅಕ್ಷತೆಯನ್ನು ನನ್ನ ಒದ್ದೆ ಅಂಗೈಗೆ ಹಾಕಿದ. "ಹದಿನೈದಕ್ಕೆ ಮದ್ವೆ. ಮನೆಮಂದಿ ಎಲ್ಲಾ ನಾಲ್ಕು ದಿನ ಮೊದ್ಲೇ ಬರ್ಬೇಕು. ಇನ್ನೊಂದು ಮಾತು ಹೇಳ್ತೆ, ಕೇಳು. ಮಾಜಾಳಿಲಿ ನೀ ಎತ್ತಿದ್ದು ಸರಿಯೇ ಇತ್ತು. ಹಾರೂದು ನಾನೇ ತಡ ಮಾಡ್ದೆ."

ನಾನು "ಬರ್ತೆ ಭಾವಾ" ಎಂದೆ. ಹನ್ನೊಂದು ವರ್ಷದ ನಂತರ ನಾನು ಅವನೊಡನೆ ಆಡಿದ ಮೊದಲ ಮಾತು ಅದು. ಅದರ ಹಿಂದೆ ಇನ್ನೊಂದು ಮಾತು ಬಾಯಿಯವರೆಗೆ ಬಂದಿತ್ತು. ಸುಮನಳ ಮುಖ ನೋಡಿದೆ. ಅವಳು ಕಣ್ಣೊರೆಸುತ್ತ, ನಗುತ್ತ, ಚಹಾಕ್ಕೆ ನೀರಿಡಲು ಓಡುತ್ತಿದ್ದಳು. ಆ ಮಾತನ್ನು ನುಂಗಿದೆ.

ಏಕೆಂದರೆ ನಾನು ಹೊಡೆದದ್ದು ನನ್ನ ಹೆಸರು. ಶಿವಾನಂದ. ಇದನ್ನು ಸಮರ್ಥಿಸಿಕೊಳ್ಳಲು ಬರುತ್ತದೆ. ವೈದ್ಯ ಸತ್ತರೆ ಎಲ್ಲರೂ ಸತ್ತ ಹಾಗೆ, ಆದ್ದರಿಂದ ವೈದ್ಯ ಮೊದಲು ತನ್ನ ಜೀವ ಉಳಿಸಿಕೊಳ್ಳಬೇಕು ಎಂದು ದೇವಿದಾಸನೇ ಮೊದಲ ದಿನ ಪಾಠ ಹೇಳಿದ್ದ. ಶಾಸ್ತ್ರಪ್ರಕಾರ ನಾನು ಮಾಡಿದ್ದು ಸರಿ. ಆದರೆ ಆ ಗಳಿಗೆಯಲ್ಲಿ ನನಗೆ ಯಾವ ಶಾಸ್ತ್ರವೂ ನೆನಪಿಗೆ ಬಂದಿರಲಿಲ್ಲ. ಬೆಂಕಿ ಬಂತು, ಬೆರಳು ನನ್ನ ಹೆಸರಿಗೆ ಹೋಯಿತು. ಇದನ್ನು ಕಂಡವರು ಯಾರೂ ಇಲ್ಲ. ದೇವಿದಾಸ ಕಣ್ಣು ಮುಚ್ಚಿದ್ದ, ಅವನ ಆಯಿ ಫೋನ್ ಎತ್ತಿದ್ದರಿಂದ ಅದು ಆಸ್ಟ್ರೇಲಿಯಾ ಮುಟ್ಟಲೂ ಇಲ್ಲ.

ಮದುವೆ ಚೆನ್ನಾಗಿ ಆಯಿತು. ಸುಮನ ಮೊದಲ ಅರಿಶಿನ ಹಚ್ಚಿದಳು, ಹುಡುಗಿಗಿಂತ ಅವಳೇ ಹೆಚ್ಚು ಅತ್ತಳು. ಪಂಕ್ತಿಯಲ್ಲಿ ಗಣಪತಿ ನನ್ನ ಎಲೆಯ ಮುಂದೆ ಕೂತು ಒತ್ತಾಯ ಮಾಡಿ ಐದು ಹೋಳಿಗೆ ಬಡಿಸಿದ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ್ನೇ, ಡ್ರ್ಯಾಗನ್ ಬಾಯಲ್ಲಿ ನಿಂತು, ತಾನು ಸಾಯ್ತಾ ಇದ್ರೂ ನನ್ನ ಹೆಸ್ರು ಹಿಡ್ದವ" ಎಂದು ಹೇಳಿದ. ಡ್ರ್ಯಾಗನ್ ಎಂದರೆ ಕೈಗಾದ ಯಾವುದೋ ಯಂತ್ರವಿರಬೇಕೆಂದು ತಿಳಿದು ನೆಂಟರೆಲ್ಲ ನನ್ನ ಕೈ ಕುಲುಕಿದರು. ಚಪ್ಪಾಳೆ ಹೊಡೆಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಜೀವಮಾನದಲ್ಲಿ ಮೊದಲ ಸಲ ತಿಳಿಯಿತು. ಐದನೆಯ ಹೋಳಿಗೆಯನ್ನು ಅವನು ಆಚೆ ತಿರುಗಿದಾಗ ಎಲೆಯೊಳಗೆ ಮಡಚಿಟ್ಟೆ.

ಮಳೆಗಾಲ ಬರುವವರೆಗೆ ತಡೆದೆ. ಆಮೇಲೆ ಒಂದು ಮಧ್ಯಾಹ್ನ, ಸುಮನ ಒಳ್ಳೆಯ ಮನಸ್ಸಿನಲ್ಲಿದ್ದಾಳೆಂದು ನೋಡಿ, ಇದ್ದದ್ದೆಲ್ಲ ಹೇಳಿಬಿಟ್ಟೆ. ಅವಳು ಬಂಗಡೆ ಮೀನು ಕೊಯ್ಯುವುದನ್ನು ನಿಲ್ಲಿಸಲೂ ಇಲ್ಲ. ಕೊನೆಗೆ ನಾನೇ, "ನಿನ್ನ ಅಣ್ಣಂಗೆ ಇದು ಗೊತ್ತಾಗ್ಬೇಕು. ನೀನೇ ಸಮಯ ನೋಡಿ, ಮೆಲ್ಲಗೆ ಒಂದು ಮಾತು ಹೇಳಿಬಿಡು" ಎಂದೆ.

ಸುಮನ ಕೈತೊಳೆದು, ಸೆರಗಿಗೆ ಒರೆಸಿಕೊಂಡು, "ನಾ ಯಾಕೆ ಹೇಳ್ಲಿ? ಈಗ ನೀವಿಬ್ರೂ ಮಾತಾಡ್ತ್ರಿ, ಅಲ್ದಾ?" ಎಂದಳು.

ಹೌದು, ಮಾತಾಡುತ್ತೇವೆ. ದಿನಾ ಮಾತಾಡುತ್ತೇವೆ. ಮೀನು, ಮಳೆ, ಮೊಮ್ಮಗು, ಮೊಣಕಾಲು ನೋವು, ಯಾವುದನ್ನೂ ಬಿಟ್ಟಿಲ್ಲ. ಅದೊಂದು ಮಾತಿಗೆ ಮಾತ್ರ ನಡುವೆ ಒಬ್ಬರು ಬೇಕು. ಮಾರ್ಗರೆಟ್ ಬಾಯಿಗೆ ಒಮ್ಮೆ ಬರೆದು ನೋಡಿದೆ. ವ್ರತ ಮುಗಿಯಿತೆಂದು ಕೇಳಿ ಬಹಳ ಸಂತೋಷವಾಯಿತು, ಇನ್ನು ಮುಂದೆ ನೀವೇ ನೇರವಾಗಿ ಹೇಳಬಹುದಲ್ಲ ಎಂದು, ಅಲ್ಪವಿರಾಮ ಪೂರ್ಣವಿರಾಮ ಸಮೇತ ಉತ್ತರ ಬಂತು.